ಉಳಿತಾಯ ಶುರುವಾಗುವುದು ಏಪ್ರಿಲ್‌ನಲ್ಲಿ: ಕುಮಟಾದ ನಮ್ಮ ಅಡುಗೆಮನೆ ಲೆಕ್ಕ

ಮನೆಯಲ್ಲೇ ಮಾಡಿಕೊಂಡು ತಿಂದರೆ ದುಡ್ಡು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ನಮ್ಮ ಕರಾವಳಿಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಏಪ್ರಿಲ್-ಮೇ ತಿಂಗಳಲ್ಲೇ ಗೊತ್ತಾಗಿಬಿಡುತ್ತದೆ. ಆಗ ಏನು ಒಣಗಿಸಿಟ್ಟೆವು, ಭರಣಿಗೆ ಏನು ತುಂಬಿದೆವು, ಅದೇ ಲೆಕ್ಕ. ಮಳೆ ಹಿಡಿದ ಮೇಲೆ ಎಲ್ಲದಕ್ಕೂ ಅಂಗಡಿಗೆ ಓಡಬೇಕು, ಅಲ್ವಾ?

ನಮ್ಮದು ಕುಮಟಾ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ನಮ್ಮಿಬ್ಬರಿಗೂ ನೌಕರಿ. ಅಡುಗೆ ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ಅಕ್ಕಿ, ಬೇಳೆ, ತರಕಾರಿ, ಮೀನು ಒಂದು ಪುಟ. ಮಾಡಿಟ್ಟಿದ್ದನ್ನು ಕೊಂಡು ತಂದದ್ದು ಇನ್ನೊಂದು ಪುಟ. ಎರಡನೇ ಪುಟ ಬೇಗ ತುಂಬುತ್ತಿತ್ತು. ಹೋಟೆಲ್ ಊಟ ಅದರಲ್ಲಿ ಕಡಿಮೆಯೇ. ದೋಸೆ ಹಿಟ್ಟಿನ ಪ್ಯಾಕೆಟ್, ಮೀನು ಮಸಾಲೆ ಪ್ಯಾಕೆಟ್, ಸಾಂಬಾರ್ ಪುಡಿ, ಉಪ್ಪಿನಕಾಯಿ ಬಾಟಲಿ, ಶರಬತ್ತು, ಸಂಜೆಯ ಬೇಕರಿ ತಿಂಡಿ. ಒಂದೊಂದೂ ಸಣ್ಣ ಮೊತ್ತ. ಸೇರಿದರೆ ಮೀನಿನ ಖರ್ಚಿಗಿಂತ ಜಾಸ್ತಿ.

ಮೊದಲು ಹಿಡಿದದ್ದು ದೋಸೆ ಹಿಟ್ಟು. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ತೂಕದಲ್ಲಿ ಹೇಳುವುದಾದರೆ 600 ಗ್ರಾಂ ಅಕ್ಕಿ, 200 ಗ್ರಾಂ ಬೇಳೆ. ನಮ್ಮ ಪೇಟೆಯ ದರದಲ್ಲಿ 55 ರೂಪಾಯಿ ಆಸುಪಾಸು. ರುಬ್ಬಿದರೆ ಹೆಚ್ಚು-ಕಡಿಮೆ ಎರಡು ಕಿಲೋ ಹಿಟ್ಟು. ಅಷ್ಟೇ ಹಿಟ್ಟನ್ನು ಪ್ಯಾಕೆಟ್‌ನಲ್ಲಿ ತಂದರೆ 150 ರೂಪಾಯಿ ದಾಟುತ್ತದೆ. ರಾತ್ರಿ ಊಟ ಆದ ಮೇಲೆ ರುಬ್ಬುವ ಕೆಲಸ ಯಜಮಾನರದ್ದು. ನಮ್ಮ ಸೆಖೆಗೆ ಮೇ ತಿಂಗಳಲ್ಲಿ ಹಿಟ್ಟು ಐದಾರು ಗಂಟೆಯಲ್ಲೇ ಉಬ್ಬಿ ಬರುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಫ್ರಿಜ್ಜಿಗೆ ಸೇರಿಸದಿದ್ದರೆ ಹುಳಿ. ಜುಲೈನಲ್ಲಿ ಅದೇ ಹಿಟ್ಟು ಬೆಳಗಾದರೂ ಅಲುಗುವುದಿಲ್ಲ. ಆಗ ಪಾತ್ರೆಯನ್ನು ಬಚ್ಚಲ ಒಲೆಯ ಬದಿಗೆ ಇಡುತ್ತೇವೆ.

ಹುದುಗಿನ ತಲೆಬಿಸಿಯೇ ಬೇಡ ಅಂದರೆ ನೀರುದೋಸೆ, ತೆಳ್ಳೇವು, ಮೊಗೆಕಾಯಿ ದೋಸೆ ಇವೆ. ಉದ್ದಿನಬೇಳೆ ಬೇಕಾಗಿಲ್ಲ, ಬರೀ ಅಕ್ಕಿ. ಮೊಗೆಕಾಯಿ ದೋಸೆಗಂತೂ ಅಕ್ಕಿಯೂ ಕಡಿಮೆ ಸಾಕು. ಬೇಸಿಗೆಯಲ್ಲಿ ಬಲಿತ ಮೊಗೆಕಾಯಿ (ಮಂಗಳೂರು ಸೌತೆ) ಅಗ್ಗ. ಹಳೆಯ ಮನೆಗಳಲ್ಲಿ ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗಿಸುತ್ತಿದ್ದರು. ನಮ್ಮ ಸ್ಲ್ಯಾಬ್ ಮನೆಯಲ್ಲಿ ಜಂತಿ ಇಲ್ಲ. ಅಟ್ಟದ ಮೇಲೆ ಗೋಣಿ ಹಾಸಿ, ಒಂದಕ್ಕೊಂದು ತಾಗದ ಹಾಗೆ ಇಡುತ್ತೇವೆ. ಗಾಯ ಆಗದ ಕಾಯಿ ಮಳೆಗಾಲದ ಅರ್ಧದವರೆಗೆ ಬರುತ್ತದೆ.

ಇನ್ನು ಮುರುಗಲು, ಅಂದರೆ ಕೋಕಂ ಅಥವಾ ಪುನರ್ಪುಳಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಒಂದೇ ಹಣ್ಣಿನಿಂದ ಎರಡು-ಮೂರು ಖರ್ಚು ನಿಲ್ಲುತ್ತದೆ. ಏಪ್ರಿಲ್ ಕೊನೆಯಿಂದ ಮಳೆ ಬರುವವರೆಗೆ ಹಣ್ಣು ಸಿಗುತ್ತದೆ. ಘಟ್ಟದ ಕಡೆಯಿಂದಲೂ ಬರುತ್ತದೆ, ಇಲ್ಲಿಯ ಹಿತ್ತಲುಗಳಲ್ಲೂ ಇದೆ. ಕಡುಕೆಂಪು ಹಣ್ಣನ್ನು ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಬೇಕು. ಅಡ್ಡಕ್ಕೆ ಎರಡು ಹೋಳು ಮಾಡಿ, ಒಳಗಿನ ಬಿಳಿ ತಿರುಳು ಮತ್ತು ಬೀಜ ತೆಗೆದರೆ ಸಿಪ್ಪೆ ಪುಟ್ಟ ಬಟ್ಟಲಿನ ಹಾಗೆ ಉಳಿಯುತ್ತದೆ. ಆ ಬಟ್ಟಲಿಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಒಂದರ ಮೇಲೊಂದು ಜೋಡಿಸುವುದು. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಬಾಯಿಗೆ ಬಟ್ಟೆ ಕಟ್ಟಿ ಹಗಲು ಬಿಸಿಲಿಗೆ, ರಾತ್ರಿ ಒಳಗೆ. ಮೊದಲ ಸಂಜೆಯೇ ತಳದಲ್ಲಿ ಕೆಂಪು ನೀರು ಕಾಣುತ್ತದೆ. ಒಂದು ವಾರದಲ್ಲಿ ಸಕ್ಕರೆ ಪೂರ್ತಿ ಕರಗಿ ಸಿಪ್ಪೆ ಮುದುಡುತ್ತದೆ. ಸೋಸಿ, ಜೀರಿಗೆ ಪುಡಿ, ಚಿಟಿಕೆ ಉಪ್ಪು ಬೆರೆಸಿ ಬಾಟಲಿಗೆ ತುಂಬಿದರೆ ಶರಬತ್ತು ಮುಗಿಯಿತು. ಬೆಂಕಿಯೇ ಬೇಡ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಮುಟ್ಟಿಸಬೇಡಿ, ಹುಳಿಗೆ ಅದು ಆಗುವುದಿಲ್ಲ.

ಸೋಸಿದ ಮೇಲೆ ಉಳಿದ ಸಿಪ್ಪೆಯನ್ನು ಎಸೆಯುವುದಿಲ್ಲ. ಒಣಗಿಸಿ ಇಟ್ಟರೆ ಮಕ್ಕಳು ಹಾಗೇ ತಿನ್ನುತ್ತಾರೆ. ಸಾರಿಗೆ, ಮೀನಿಗೆ ಹಾಕುವ ಸಿಪ್ಪೆಯನ್ನು ಬೇರೆಯೇ ಒಣಗಿಸುತ್ತೇವೆ, ಅದಕ್ಕೆ ಸಕ್ಕರೆ ಇಲ್ಲ, ಉಪ್ಪು. ಹಣ್ಣಿನಿಂದ ಬಸಿದ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದಷ್ಟೂ ಕಪ್ಪಗೆ, ಹುಳಿಯಾಗಿ ಬರುತ್ತದೆ. ಅಷ್ಟು ಮಾಡಿಟ್ಟರೆ ವರ್ಷವಿಡೀ ಹುಣಸೆಹಣ್ಣಿಗೆ ಹೋಗುವ ದುಡ್ಡು ಅರ್ಧ. ಅಂಗಡಿಯಲ್ಲಿ ಶರಬತ್ತಿನ ಒಂದು ಬಾಟಲಿಗೆ 150 ರೂಪಾಯಿ ಕೊಡುತ್ತಿದ್ದೆವು. ಅಷ್ಟು ದುಡ್ಡಿಗೆ ಮೂರು ಕಿಲೋ ಸಕ್ಕರೆ ಬರುತ್ತದೆ. ನೆಂಟರು ಬಂದಾಗ ಕೋಲ್ಡ್‌ಡ್ರಿಂಕ್ಸ್ ತರಿಸುವುದು ನಮ್ಮಲ್ಲಿ ಪೂರ್ತಿ ನಿಂತಿದೆ.

ಮಾವಿನ ಮಿಡಿಯದ್ದು ಬೇರೆ ಲೆಕ್ಕ. ಒಳ್ಳೆಯ ಅಪ್ಪೆಮಿಡಿ ಈಗ ಅಗ್ಗದ ವಸ್ತು ಅಲ್ಲ. ಶಿರಸಿ, ಸಿದ್ದಾಪುರ ಕಡೆಯ ಹೊಳೆದಂಡೆ ಮರಗಳ ಮಿಡಿಗೆ ನೂರರ ಲೆಕ್ಕದಲ್ಲಿ ದರ ಹೇಳುತ್ತಾರೆ, ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೂ ತರುತ್ತೇವೆ. ಒಳ್ಳೆ ಮಿಡಿ ಉಪ್ಪಿನಕಾಯಿ ಇದ್ದರೆ ಗಂಜಿ ಊಟಕ್ಕೆ ಬೇರೆ ಏನೂ ಬೇಡ, ಎರಡು ವರ್ಷ ಇಟ್ಟರೂ ಕೆಡುವುದಿಲ್ಲ. ಆರಿಸುವಾಗ ತೊಟ್ಟು ನೋಡಬೇಕು. ತೊಟ್ಟು ಇರುವ, ಕೊಯ್ದ ಮಿಡಿ ಮಾತ್ರ. ಉದುರಿ ಬಿದ್ದದ್ದು, ತೊಟ್ಟು ಮುರಿದದ್ದು ಒಂದು ಸೇರಿದರೂ ಭರಣಿಯೇ ಕೆಟ್ಟೀತು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳವೇ ಅಪ್ಪೆಯ ಜೀವ, ಅದು ಉಪ್ಪಿನ ಒಳಗೇ ಇಳಿಯಬೇಕು.

ಉಪ್ಪು ಗೋಕರ್ಣ ಹತ್ತಿರದ ಸಾಣಿಕಟ್ಟಾದ್ದು. ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಗದ್ದೆಗೆ ಬಿಟ್ಟು ಬಿಸಿಲಲ್ಲಿ ಕಟ್ಟಿಸುವ ಹರಳುಪ್ಪು, ನಮಗೆ ಹತ್ತಿರದಲ್ಲೇ ಸಿಗುತ್ತದೆ, ದರವೂ ಕಡಿಮೆ. ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಾ ಭರಣಿ ಅಲುಗಿಸುವುದು. ಮಿಡಿ ಚೆನ್ನಾಗಿ ಮುರುಟಿದ ಮೇಲೆ ಅದೇ ಉಪ್ಪುನೀರು ಕುದಿಸಿ, ಪೂರ್ತಿ ಆರಿಸಿ, ಮೆಣಸು-ಸಾಸಿವೆ ಅರೆದು ಬೆರೆಸುವುದು. ದಿನದ ಅಡುಗೆಗೆ ಮಾತ್ರ ನಾವು ಅಯೋಡಿನ್ ಉಪ್ಪನ್ನೇ ಬಳಸುತ್ತೇವೆ. ಹರಳುಪ್ಪು ಅಗ್ಗ ಅಂತ ಎಲ್ಲದಕ್ಕೂ ಅದನ್ನೇ ಹಾಕುವುದು ಬೇಡ, ಮಕ್ಕಳಿರುವ ಮನೆಯಲ್ಲಂತೂ ಬೇಡ.

ಮಸಾಲೆ ಪುಡಿಗೆ ಬ್ಯಾಡಗಿ ಮೆಣಸನ್ನು ಹೊಸ ಬೆಳೆ ಬಂದಾಗಲೇ ತಂದು, ತೊಟ್ಟು ತೆಗೆದು, ಏಪ್ರಿಲ್ ಬಿಸಿಲಿಗೆ ಒಣಗಿಸಿ ಗಿರಣಿಗೆ ಕೊಡುತ್ತೇವೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ ಹುರಿದು ಬೇರೆ ಪುಡಿ. ಎರಡು ಡಬ್ಬಿ ಇದ್ದರೆ ಸಾಂಬಾರೂ ಆಯಿತು, ಬಂಗಡೆ ಸಾರೂ ಆಯಿತು. ಬಂಗಡೆಗೆ ಜುಮ್ಮನಕಾಯಿ ಎಂಬ ಪರಿಮಳದ ಮಸಾಲೆ ಕಾಯಿ ನಾಲ್ಕು, ಎರಡು ಮುರುಗಲ ಸಿಪ್ಪೆ. ಇದಕ್ಕೆ ಪ್ಯಾಕೆಟ್ ಮಸಾಲೆ ಯಾಕೆ ಬೇಕು ಹೇಳಿ?

ಮೀನಿನ ವಿಷಯಕ್ಕೆ ಬರೋಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಹಸಿ ಮೀನಿನ ದರ ಮುಟ್ಟುವ ಹಾಗಿರುವುದಿಲ್ಲ. ಅದಕ್ಕೆ ಮೇ ತಿಂಗಳಲ್ಲೇ ಒಣ ಶೆಟ್ಲಿ (ಸಿಗಡಿ), ಒಣ ಬಂಗಡೆ ತಂದಿಡುತ್ತೇವೆ. ಅಂಗಡಿಯಲ್ಲಿ ಒಣಗಿದ್ದೇ ಅಂತ ಕೊಟ್ಟರೂ ಮನೆಯಲ್ಲಿ ಮತ್ತೊಮ್ಮೆ ಬಿಸಿಲಿಗೆ ಹಾಕಬೇಕು. ಶೆಟ್ಲಿಯನ್ನು ಬೆರಳಲ್ಲಿ ಮುರಿದು ನೋಡಿ. ಪಟ್ಟನೆ ಮುರಿದರೆ ಡಬ್ಬಿಗೆ, ಬಾಗಿದರೆ ಇನ್ನೊಂದು ಬಿಸಿಲು. ಬಿಸಿ ಆರಿದ ಮೇಲೆಯೇ ಮುಚ್ಚಬೇಕು. ಒಂದು ಹಿಡಿ ಶೆಟ್ಲಿ ಹುರಿದು ಕಾಯಿತುರಿ, ಮೆಣಸು, ಹುಳಿ ಸೇರಿಸಿ ಚಟ್ನಿ ಮಾಡಿದರೆ ಐದು ಜನರ ಗಂಜಿ ಊಟ ಆಗುತ್ತದೆ. ಮೀನಿನ ಹಂಗಾಮಿನಲ್ಲೂ ನಾವು ಇಸವಣದಂಥ (ಅಂಜಲ್) ತುಟ್ಟಿ ಮೀನಿನ ಹಿಂದೆ ಹೋಗುವುದಿಲ್ಲ. ತಾರ್ಲೆ (ಭೂತಾಯಿ), ಬಂಗಡೆ ರಾಶಿ ಬಿದ್ದ ದಿನ ಅದನ್ನೇ ತರುವುದು. ಅಘನಾಶಿನಿಯ ಬಳಚು (ಚಿಪ್ಪುಮೀನು) ಸಿಕ್ಕರೆ ಇನ್ನೂ ಒಳ್ಳೆಯದು, ಮರಳು ಹೋಗುವಷ್ಟು ತೊಳೆಯುವ ತಾಳ್ಮೆ ಇರಬೇಕು ಅಷ್ಟೆ.

ಮೀನಿಲ್ಲದ ದಿನಗಳಿಗೆ ದಾರಿ ತೋರಿಸಿದವರು ಪಕ್ಕದ ಮನೆಯ ಅಕ್ಕ. ಅವರು ಶಿರಸಿ ಕಡೆಯವರು. "ಹಿತ್ತಲಲ್ಲಿ ಸೊಪ್ಪು ಇಟ್ಕೊಂಡು ತರಕಾರಿ ತುಟ್ಟಿ ಅಂತೀಯಲ್ಲೇ" ಅಂತ ಕೇಳಿ ತಂಬುಳಿ ಕಲಿಸಿದರು. ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ಕಾಯಿತುರಿ ಜೊತೆ ಅರೆದು ಮಜ್ಜಿಗೆಗೆ ಬೆರೆಸುವುದು. ಕುದಿಸುವುದೂ ಇಲ್ಲ. ದೊಡ್ಡಪತ್ರೆ, ದಾಸವಾಳದ ಎಳೆ ಚಿಗುರು, ನೆಲ್ಲಿಕಾಯಿ, ಯಾವುದರಿಂದಲೂ ಆಗುತ್ತದೆ. 2025ರಲ್ಲಿ ತೆಂಗಿನಕಾಯಿ ದರ ಏರಿದಾಗ ಈ ತಂಬುಳಿಯೇ ನಮ್ಮನ್ನು ಕಾಪಾಡಿತು. ಸಾರಿಗೆ ಅರ್ಧ ಕಾಯಿ ಬೇಕಾದಲ್ಲಿ ಇದಕ್ಕೆ ಎರಡು ಚಮಚ ತುರಿ ಸಾಕು.

ಗ್ಯಾಸಿನ ಲೆಕ್ಕವನ್ನೂ ಇಡಬೇಕು. ಮನೆಯಲ್ಲಿ ಮಾಡಿದ್ದೆಲ್ಲ ಅಗ್ಗ ಅನ್ನುವವರು ಇದನ್ನು ಬಿಟ್ಟುಬಿಡುತ್ತಾರೆ. ನಮ್ಮ ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ. ರಾತ್ರಿಯೇ ನೆನೆಸಿ, ಬೆಳಿಗ್ಗೆ ಹತ್ತು-ಹದಿನೈದು ನಿಮಿಷ ಜೋರಾಗಿ ಕುದಿಸಿ, ಮುಚ್ಚಳ ಬಿಗಿಯಾಗಿ ಹಾಕಿ ಹಳೆಯ ಕಂಬಳಿಯಲ್ಲಿ ಸುತ್ತಿಡುತ್ತೇವೆ. ನಾವು ಸ್ನಾನ, ತಿಂಡಿ ಮುಗಿಸುವಷ್ಟರಲ್ಲಿ ಅಗುಳು ಅರಳಿರುತ್ತದೆ. ಇನ್ನೂ ಗಟ್ಟಿ ಅನ್ನಿಸಿದರೆ ಒಂದು ಕುದಿ ಕೊಟ್ಟರಾಯಿತು. 14.2 ಕಿಲೋ ಸಿಲಿಂಡರ್ ಈಗ ಮೊದಲಿಗಿಂತ ಸಾಕಷ್ಟು ಹೆಚ್ಚು ದಿನ ಬರುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತ ಹಟ ಬೇಡ. ಅವಲಕ್ಕಿ, ಬೆಲ್ಲ, ಬ್ರೆಡ್ಡು ಕೊಳ್ಳುತ್ತೇವೆ. ತೊಡೆದೇವು ಎಂಬ ಕಾಗದದಷ್ಟು ತೆಳ್ಳಗಿನ ಸಿಹಿಗೆ ಮಡಕೆ ಬೇಕು, ಪಳಗಿದ ಕೈ ಬೇಕು. ಅದನ್ನು ಮಾಡುವ ಹೆಂಗಸರಿಂದಲೇ ತರುವುದು, ಅವರು ಹೇಳಿದ ದರಕ್ಕೇ. ಹಲಸಿನ ಹಪ್ಪಳ ಮಾತ್ರ ಜನ ಇದ್ದರೆ ಮಾಡಿ. ಬೇಯಿಸುವುದು, ಕುಟ್ಟುವುದು, ತಟ್ಟುವುದು, ಕಾಗೆ ಕಾಯುವುದು, ಒಬ್ಬರಿಂದ ಆಗುವ ಕೆಲಸ ಅಲ್ಲ. ನಾವು ಕೇರಿಯ ನಾಲ್ಕು ಮನೆಯವರು ಸೇರುತ್ತೇವೆ, ಹಪ್ಪಳ ಪಾಲು ಮಾಡಿಕೊಳ್ಳುತ್ತೇವೆ. ಅಳ್ವೆಕೋಡಿ, ಹಂದಿಗೋಣ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ಮಾರುವ ನಮ್ಮ ಸಿಹಿ ಈರುಳ್ಳಿ ಉಳಿತಾಯದ ಪಟ್ಟಿಗೆ ಬರುವುದಿಲ್ಲ, ಹುಬ್ಬಳ್ಳಿ ಕಡೆಯ ಈರುಳ್ಳಿಗಿಂತ ತುಟ್ಟಿ. ಆದರೆ ಹಸಿಯಾಗಿ ತಿನ್ನಲು ಅದರಂಥದ್ದು ಇನ್ನೊಂದಿಲ್ಲ. ಒಂದು ಗೊಂಚಲು ಅಡುಗೆಮನೆಯಲ್ಲಿ ತೂಗುಹಾಕುತ್ತೇವೆ. ಒಗ್ಗರಣೆಗೆ ಬೇರೆ ಈರುಳ್ಳಿ.

ಶ್ರಮದ ಮಾತು ಹೇಳದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಅತ್ತೆಗೆ ಮೊಣಕಾಲು ನೋವು. ಅವರು ಕುರ್ಚಿಯಲ್ಲಿ ಕೂತು ಅಳತೆ, ಹದ ಹೇಳುತ್ತಾರೆ, "ಉಪ್ಪು ಸಾಲ, ಇನ್ನೊಂದು ಹಿಡಿ ಹಾಕು" ಅನ್ನುತ್ತಾರೆ. ರುಬ್ಬುವುದು, ಭರಣಿ ಎತ್ತಿಡುವುದು ಯಜಮಾನರು. ಮುರುಗಲು ಬಿಡಿಸುವುದು ಮಕ್ಕಳು, ಕೈ ಕೆಂಪಾಗುತ್ತದೆ ಅಂತ ಅವರಿಗೆ ಖುಷಿ. ಇಷ್ಟೂ ನನ್ನೊಬ್ಬಳ ತಲೆಗೆ ಬಿದ್ದಿದ್ದರೆ ನಾನು ಎಂದೋ ಪ್ಯಾಕೆಟ್‌ಗೆ ಮರಳುತ್ತಿದ್ದೆ, ಅದರಲ್ಲಿ ತಪ್ಪೂ ಇರುತ್ತಿರಲಿಲ್ಲ.

ಈಗ ನಮಗೆ ಎಲ್ಲ ಕಳೆದು ತಿಂಗಳಿಗೆ 3,000 ರೂಪಾಯಿ ಹತ್ತಿರ ಉಳಿಯುತ್ತಿದೆ. ಆದರೆ ಏಪ್ರಿಲ್-ಮೇ ತಿಂಗಳ ಖರ್ಚು ಒಮ್ಮೆಲೇ ಮೇಲೆ ಹೋಗುತ್ತದೆ. ಸಕ್ಕರೆ, ಮೆಣಸು, ಮಿಡಿ, ಒಣ ಮೀನು ಎಲ್ಲ ಆಗಲೇ. ಅದೇ ಹೊತ್ತಿಗೆ ಶಾಲೆಯ ಫೀಸೂ ಬರುತ್ತದೆ. ಅದಕ್ಕೆ ಡಿಸೆಂಬರಿನಿಂದಲೇ ತಿಂಗಳಿಗೆ ಇಷ್ಟು ಅಂತ ಬೇರೆ ಎತ್ತಿಡುತ್ತೇವೆ. ಆ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

ನೀವು ವರ್ಷದ ನಡುವೆ ಶುರು ಮಾಡುವುದಾದರೆ ಮೊದಲು ದೋಸೆ ಹಿಟ್ಟು, ಆಮೇಲೆ ತಂಬುಳಿ. ಇವೆರಡಕ್ಕೂ ಹಂಗಾಮು ಕಾಯಬೇಕಾಗಿಲ್ಲ. ಫೆಬ್ರವರಿ ಬರುತ್ತಿದ್ದ ಹಾಗೆ ಘಟ್ಟದ ಮೇಲೆ ಗುರುತಿನವರಿದ್ದರೆ ಮಿಡಿಗೆ ಹೇಳಿಡಿ. ಒಳ್ಳೆಯ ಮರದ ಮಿಡಿ ಪೇಟೆಗೆ ಬರುವ ಮೊದಲೇ ಖಾಲಿಯಾಗುತ್ತದೆ. ಭರಣಿ ಇಲ್ಲದಿದ್ದರೆ ಹಳೆಯ ಮನೆಯವರನ್ನು ಕೇಳಿ ನೋಡಿ, ಎಷ್ಟೋ ಅಟ್ಟಗಳಲ್ಲಿ ಸುಮ್ನೆ ಧೂಳು ತಿನ್ನುತ್ತಿವೆ. ನಮ್ಮ ದೊಡ್ಡ ಭರಣಿ ಬಂದದ್ದು ಹಾಗೇ.