ಮೊದಲ ಲಕ್ಷಣದ ತಾರೀಖು ಬರೆದಿಡಿ: ನಗರದಲ್ಲಿ ಕೊರೊನಾ ಸೋಂಕಿನ ಜಾಡು ಹಿಡಿಯುವುದು ಹೇಗೆ?

‘ಎಷ್ಟು ದಿನದಿಂದ ಜ್ವರ?’ ವೈದ್ಯರ ಮೊದಲ ಪ್ರಶ್ನೆ ಇದು. ‘ಮೂರ್ನಾಲ್ಕು ದಿನ ಆಗಿರಬೇಕು’ ಅನ್ನುವುದು ನಮ್ಮೆಲ್ಲರ ಉತ್ತರ. ನಮ್ಮ ಮನೆಗೆ ಕೊರೊನಾ ಬಂದಾಗ ನಾನೂ ಹಾಗೇ ಹೇಳಿದ್ದೆ. ಗಂಟಲು ಕೆರೆಯತೊಡಗಿದ್ದು ಸೋಮವಾರವೋ ಮಂಗಳವಾರವೋ ಎಂದು ಮನೆಮಂದಿ ಆಮೇಲೆ ಎಷ್ಟು ಚರ್ಚಿಸಿದರೂ ಇತ್ಯರ್ಥವಾಗಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರಿಗೆ ಹುಷಾರು ತಪ್ಪಿದರೂ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಪೆನ್ಸಿಲಿನಿಂದ ಒಂದು ಸುತ್ತು ಹಾಕುತ್ತೇನೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸೋಂಕು ಎಲ್ಲಿಂದ ಬಂದಿರಬಹುದು, ಯಾರಿಗೆ ದಾಟಿರಬಹುದು ಎಂಬುದು ಗೊತ್ತಾಗುತ್ತದೆ. ಮುಂದಕ್ಕೆ ಎಣಿಸಿದರೆ ಯಾವ ದಿನಗಳಲ್ಲಿ ಮೈಯೆಲ್ಲ ಕಣ್ಣಾಗಿರಬೇಕು ಎಂಬುದು ತಿಳಿಯುತ್ತದೆ.

ಮೊದಲು: ಸೊನ್ನೆಯ ದಿನ ಯಾವುದು?

ಜ್ವರ ಬಂದ ದಿನವೇ ಕಾಯಿಲೆ ಶುರುವಾದ ದಿನ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಜ್ವರ, ಒಣಕೆಮ್ಮು, ಗಂಟಲು ನೋವು, ಮೂಗು ಸೋರುವುದು, ತಲೆನೋವು, ಮೈಕೈ ನೋವು, ಹಾಸಿಗೆಯಿಂದ ಏಳಲಾಗದಷ್ಟು ಸುಸ್ತು, ಕೆಲವರಿಗೆ ಭೇದಿ, ಇವುಗಳಲ್ಲಿ ಯಾವುದೇ ಒಂದು ಮೊದಲು ಕಾಣಿಸಿದ ದಿನವೇ ಸೊನ್ನೆಯ ದಿನ, ಅಂದರೆ ಎಣಿಕೆ ಶುರುವಾಗುವ ದಿನ. ಕೆಲವರಿಗೆ ಜ್ವರ ಬರುವುದೇ ಇಲ್ಲ.

2020ರಲ್ಲಿ ವಾಸನೆ, ರುಚಿ ಹೋಗುವುದು ಈ ಸೋಂಕಿನ ದೊಡ್ಡ ಗುರುತಾಗಿತ್ತು. ಒಮೈಕ್ರಾನ್ ತಳಿ ಬಂದ ಮೇಲೆ ಅದು ಕಡಿಮೆಯಾಗಿ, ನೆಗಡಿ, ಗಂಟಲು ನೋವು ಮುಂದೆ ಬಂದವು. ಆದ್ದರಿಂದ ‘ವಾಸನೆ ಚೆನ್ನಾಗಿ ಬರುತ್ತಿದೆ, ಇದು ಕೊರೊನಾ ಅಲ್ಲ’ ಎಂದು ಸುಮ್ಮನಾಗಬೇಡಿ. ಬರೀ ಲಕ್ಷಣ ನೋಡಿ ಮಾಮೂಲಿ ಫ್ಲೂ ಯಾವುದು, ಕೊರೊನಾ ಯಾವುದು ಎಂದು ಹೇಳಲು ವೈದ್ಯರಿಗೂ ಆಗುವುದಿಲ್ಲ.

ಹಿಂದಕ್ಕೆ ಎಣಿಸಿ, ಫೋನ್ ಮಾಡಿ

ವೈರಸ್ ಮೈಗೆ ಹೊಕ್ಕ ದಿನದಿಂದ ಲಕ್ಷಣ ಕಾಣಿಸುವವರೆಗೆ 2ರಿಂದ 14 ದಿನ ಹಿಡಿಯಬಹುದು. ಮೊದಲ ಅಲೆಯ ಹೊತ್ತಿಗೆ ಇದು ಸಾಮಾನ್ಯವಾಗಿ ಐದು ದಿನದ ಆಸುಪಾಸಿನಲ್ಲಿತ್ತು. ಒಮೈಕ್ರಾನ್ ಅದನ್ನು ಮೂರು ದಿನದ ಹತ್ತಿರಕ್ಕೆ ತಂದಿತು. ಸೋಂಕು ಬಂದ ಜಾಗ ಹುಡುಕುವುದಾದರೆ ಈ ದಿನಗಳನ್ನು ನೆನಪಿಸಿಕೊಳ್ಳಿ.

ಅದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಲಕ್ಷಣ ಕಾಣಿಸುವುದಕ್ಕೆ ಎರಡು ದಿನ ಮೊದಲೇ ಸೋಂಕಿತರು ವೈರಸ್ ಹರಡಬಲ್ಲರು. ನಗರಗಳು ಈ ಸೋಂಕಿನ ಮುಂದೆ ಸೋತದ್ದು ಇದೇ ಎರಡು ದಿನಗಳಲ್ಲಿ ಎಂದು ನನಗನ್ನಿಸುತ್ತದೆ. ಮೈಗೇನೂ ಆಗಿಲ್ಲ ಎಂದುಕೊಂಡು ಕೆಲಸಕ್ಕೆ ಹೋಗಿರುತ್ತೇವೆ, ಬಸ್ಸಿನಲ್ಲಿ ನಿಂತಿರುತ್ತೇವೆ, ಅಜ್ಜಿಯ ಪಕ್ಕ ಕೂತು ಮಾತಾಡಿರುತ್ತೇವೆ. ಅದರಲ್ಲಿ ಯಾರದೂ ತಪ್ಪಿಲ್ಲ. ಆದರೆ ಗೊತ್ತಾದ ಮೇಲೆ ತಿಳಿಸದೆ ಇರಬಾರದು.

ಸುತ್ತು ಹಾಕಿದ ದಿನಕ್ಕಿಂತ ಎರಡು ದಿನ ಹಿಂದಿನಿಂದ ನೀವು ಯಾರ ಜೊತೆ ಮುಚ್ಚಿದ ಜಾಗದಲ್ಲಿ ಹೊತ್ತು ಕಳೆದಿರಿ ಎಂದು ಪಟ್ಟಿ ಮಾಡಿ. ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಹೆಸರು ಮೇಲೆ ಬರಲಿ. ಫೋನಿನಲ್ಲಿ ಎರಡು ಮಾತು ಸಾಕು: ‘ನನಗೆ ಬುಧವಾರ ಗಂಟಲು ನೋವು ಶುರುವಾಯಿತು, ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿದೆ. ಮಂಗಳವಾರ ನಾವು ಒಂದೇ ಕೋಣೆಯಲ್ಲಿದ್ದೆವಲ್ಲ, ಸ್ವಲ್ಪ ನೋಡಿಕೊಳ್ಳಿ.’ ಹೇಳಲು ಮುಜುಗರವಾಗುತ್ತದೆ, ನಿಜ. ಆದರೂ ಹೇಳಿ.

ಎಲ್ಲಿ ದಾಟಿತು? ಗಾಳಿಯನ್ನು ನೆನಪಿಸಿಕೊಳ್ಳಿ

ಮೊದಲ ವರ್ಷ ನಾವು ತರಕಾರಿ ತೊಳೆದೆವು, ಬಾಗಿಲ ಚಿಲಕ ಒರೆಸಿದೆವು. ಕೈ ತೊಳೆಯುವುದು ಒಳ್ಳೆಯದೇ. ಆದರೆ ಈ ವೈರಸ್ಸಿನ ಮುಖ್ಯ ದಾರಿ ಉಸಿರು. ಮಾತಾಡಿದಾಗ, ಹಾಡಿದಾಗ, ಕೆಮ್ಮಿದಾಗ ಹೊರಬೀಳುವ ದಪ್ಪ ಹನಿಗಳು ಬೇಗ ಕೆಳಗೆ ಬೀಳುತ್ತವೆ. ತೀರಾ ಸಣ್ಣ ಕಣಗಳು ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಊದುಬತ್ತಿಯ ಹೊಗೆಯನ್ನು ನೆನೆಸಿಕೊಳ್ಳಿ. ಬಯಲಿನಲ್ಲಿ ಕ್ಷಣದಲ್ಲಿ ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಮೂಲೆ ಮೂಲೆಗೂ ತುಂಬುತ್ತದೆ.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ಒಂದು ಗಾಯನ ತಂಡದ 61 ಮಂದಿ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಒಬ್ಬರಿಗೆ ನೆಗಡಿಯಂಥ ಲಕ್ಷಣಗಳಿದ್ದವು. ಉಳಿದವರಲ್ಲಿ 32 ಮಂದಿಗೆ ಸೋಂಕು ಖಚಿತವಾಯಿತು, ಇನ್ನೂ 20 ಮಂದಿಗೆ ತಗುಲಿರಬೇಕೆಂದು ತನಿಖೆ ಹೇಳಿತು. ಇಬ್ಬರು ತೀರಿಕೊಂಡರು. ಅದೇ ವರ್ಷದ ಜನವರಿ 24ರಂದು ಚೀನಾದ ಗುವಾಂಗ್‌ಝೌ ನಗರದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಟೇಬಲ್‌ಗಳಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಮಂದಿಗೆ ಸೋಂಕು ಬಂತು. ಒಳಗಿನ ಗಾಳಿಯನ್ನೇ ಎಸಿ ಮತ್ತೆ ಮತ್ತೆ ಸುತ್ತಿಸುತ್ತಿತ್ತು.

ಸೋಂಕಿತರೆಲ್ಲರೂ ಒಂದೇ ಸಮನೆ ಹರಡುವುದಿಲ್ಲ. ಎಷ್ಟೋ ಜನ ಯಾರಿಗೂ ದಾಟಿಸುವುದಿಲ್ಲ. ಕೆಲವರು ಒಂದೇ ಸಂಜೆಯಲ್ಲಿ ಹತ್ತಾರು ಮಂದಿಗೆ ದಾಟಿಸುತ್ತಾರೆ. ಅದಕ್ಕೆ ಆ ವ್ಯಕ್ತಿಯ ದೇಹದಲ್ಲಿರುವ ವೈರಸ್ ಪ್ರಮಾಣವೂ ಕಾರಣ, ಕೂತ ಕೋಣೆಯೂ ಕಾರಣ. ಹೀಗಾಗಿ ನಗರದಲ್ಲಿ ಸೋಂಕು ಬೀದಿಯಿಂದ ಬೀದಿಗೆ ಸಾಲಾಗಿ ನಡೆದು ಬರುವುದಿಲ್ಲ, ಮುಚ್ಚಿದ ಕೋಣೆಯಿಂದ ಮುಚ್ಚಿದ ಕೋಣೆಗೆ ಹಾರುತ್ತದೆ.

ಕೋಣೆ ಚಿಕ್ಕದಾಗಿ, ಜನ ಹೆಚ್ಚಿದ್ದರೆ ಏನಾಗುತ್ತದೆ ಎಂಬುದನ್ನು ಮುಂಬೈ ತೋರಿಸಿಕೊಟ್ಟಿತು. 2020ರ ಜುಲೈನಲ್ಲಿ ಅಲ್ಲಿನ ಮೂರು ವಾರ್ಡ್‌ಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಕೊಳೆಗೇರಿಗಳಲ್ಲಿ ಶೇಕಡ ಸುಮಾರು 57ರಷ್ಟು, ಉಳಿದ ಕಡೆ ಶೇಕಡ ಸುಮಾರು 16ರಷ್ಟು ಜನರಲ್ಲಿ ಪ್ರತಿಕಾಯ, ಅಂದರೆ ಸೋಂಕು ತಗುಲಿದ್ದಕ್ಕೆ ರಕ್ತದಲ್ಲಿ ಉಳಿಯುವ ಗುರುತು, ಸಿಕ್ಕಿತು. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಸಾಲುಮನೆಗಳಿಗೆಲ್ಲ ಒಂದೇ ಶೌಚಾಲಯ ಇರುವಲ್ಲಿ ‘ಪ್ರತ್ಯೇಕವಾಗಿರಿ’ ಎಂಬ ಸಲಹೆಯನ್ನು ಪಾಲಿಸುವುದು ಹೇಗೆ? ಈ ಅಂಕಿಗಳನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಪರೀಕ್ಷೆ

ಆರ್‌ಟಿ-ಪಿಸಿಆರ್ ಎಂಬ ಲ್ಯಾಬ್ ಪರೀಕ್ಷೆ ಅಲ್ಪ ಪ್ರಮಾಣದ ವೈರಸ್ಸನ್ನೂ ಹಿಡಿಯುತ್ತದೆ. ಮನೆಯಲ್ಲೇ ಮಾಡುವ ಆ್ಯಂಟಿಜೆನ್ ಕಿಟ್ ಬೇಗ ಉತ್ತರ ಕೊಟ್ಟರೂ ಮೊದಲ ದಿನ ಸೋಂಕು ಅದರ ಕಣ್ಣು ತಪ್ಪಿಸಿಕೊಳ್ಳುವುದುಂಟು. ಲಕ್ಷಣ ಇದ್ದೂ ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಮತ್ತೆ ಮಾಡಿ. ಅಲ್ಲಿಯವರೆಗೆ ಪಾಸಿಟಿವ್ ಎಂದೇ ತಿಳಿದು ದೂರವಿರಿ.

ಮನೆಯಲ್ಲಿ

ಸೋಂಕಿತರಿಗೆ ಬೇರೆ ಕೋಣೆ ಇದ್ದರೆ ಅದರ ಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆಯಿರಿ. ಫ್ಯಾನನ್ನು ಗಾಳಿ ಕಿಟಕಿಯಿಂದ ಹೊರಗೆ ಹೋಗುವಂತೆ ತಿರುಗಿಸಿ. ಬೇರೆ ಕೋಣೆ ಇಲ್ಲದಿದ್ದರೆ ಎಲ್ಲರೂ ಮಾಸ್ಕ್ ಹಾಕಿ, ಕಾಯಿಲೆಯವರ ಹಾಸಿಗೆ ಕಿಟಕಿಯ ಪಕ್ಕಕ್ಕೆ ಬರಲಿ. ಮೂಗಿನ ಮೇಲಿನ ತಂತಿ ಒತ್ತಿ ಕೂರಿಸಿದ ಎನ್95 ಮಾಸ್ಕ್, ಬಟ್ಟೆಯ ಮಾಸ್ಕ್‌ಗಿಂತ ಎಷ್ಟೋ ಮೇಲು. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮಾಸ್ಕ್ ಸರಿಯಾಗಿ ಕೂತಿಲ್ಲ ಎಂದರ್ಥ.

ಹೊರಗೆ ಬರುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಕೊಟ್ಟ ಸಲಹೆಯಂತೆ ಲಕ್ಷಣ ಶುರುವಾದ ದಿನದಿಂದ ಹತ್ತು ದಿನ, ನಡುವೆ ಆ್ಯಂಟಿಜೆನ್ ಪರೀಕ್ಷೆ ನೆಗೆಟಿವ್ ಬಂದರೆ ಅದಕ್ಕೂ ಮೊದಲು.

ಮುಂದಕ್ಕೆ ಎಣಿಸಿ: ಐದರಿಂದ ಹತ್ತನೇ ದಿನ

ಹೆಚ್ಚಿನವರು ಮನೆಯಲ್ಲೇ ಗುಣವಾಗುತ್ತಾರೆ. ಲಸಿಕೆ ಹಾಕಿಸಿಕೊಂಡವರಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆ. ಆದರೂ ಉಲ್ಬಣಿಸುವವರಲ್ಲಿ ಉಸಿರಿನ ತೊಂದರೆ ಸಾಮಾನ್ಯವಾಗಿ ಮೊದಲ ವಾರ ಮುಗಿಯುವ ಹೊತ್ತಿಗೆ ಕಾಣಿಸುತ್ತದೆ. ಜ್ವರ ಇಳಿದು ‘ಈಗ ಪರವಾಗಿಲ್ಲ’ ಅನ್ನಿಸಿದ ಮೇಲೂ ಏದುಸಿರು ಬಂದೀತು. ನಾಲ್ಕನೇ ದಿನವೇ ಥರ್ಮಾಮೀಟರ್ ಎತ್ತಿಡಬೇಡಿ ಅನ್ನುವುದು ಇದಕ್ಕೇ.

ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಕೆಲವರಿಗೆ ಉಸಿರು ಕಟ್ಟಿದಂತೆ ಅನ್ನಿಸುವುದೇ ಇಲ್ಲ. ಆದ್ದರಿಂದ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಬಳಸಿ, ಸರಿಯಾಗಿ ಬಳಸಿ. ಉಗುರಿನ ಬಣ್ಣ ಒರೆಸಿ. ಐದು ನಿಮಿಷ ಸುಮ್ಮನೆ ಕೂತಿರಿ. ಬೆರಳು ತಣ್ಣಗಿದ್ದರೆ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ. ತೋರುಬೆರಳೋ ನಡುಬೆರಳೋ ಒಳಗಿಟ್ಟು ಕೈ ಅಲ್ಲಾಡಿಸದೆ ಕಾಯಿರಿ. ಅಂಕಿ ಮೊದಲು 91, 97, 94 ಎಂದು ಕುಣಿಯುತ್ತದೆ, ಗಾಬರಿ ಬೇಡ. ಒಂದೆಡೆ ನಿಂತ ಮೇಲೆ ಓದಿ, ಗಂಟೆಯ ಸಮೇತ ಬರೆದಿಡಿ. ಕಪ್ಪು ಮೈಬಣ್ಣದವರಲ್ಲಿ ಈ ಸಾಧನ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು. ಆದ್ದರಿಂದ ಒಂದು ಅಂಕಿಗಿಂತ ಅಂಕಿ ದಿನೇ ದಿನೇ ಇಳಿಯುತ್ತಿದೆಯೇ ಎಂಬುದನ್ನು ನೋಡಿ.

94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ತಿಳಿಸಿ. 90ಕ್ಕಿಂತ ಕೆಳಗಾದರೆ ಆಂಬುಲೆನ್ಸ್ ಕರೆಸಿ. ಅಂಕಿ ಏನೇ ಇರಲಿ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಂದರೆ, ಎದೆನೋವು ಬಿಡದಿದ್ದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿ ಮಂಕಾದರೆ ಒಂದು ಗಳಿಗೆಯೂ ಕಾಯಬೇಡಿ.

ಸ್ಟೀರಾಯ್ಡ್ ಮಾತ್ರೆಯನ್ನು ಯಾರೋ ಹೇಳಿದರೆಂದು ನುಂಗಬೇಡಿ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲಿ ತೋರಿಸಿದ್ದು ಆಮ್ಲಜನಕ ಬೇಕಾಗಿದ್ದ ರೋಗಿಗಳಲ್ಲಿ. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಆ್ಯಂಟಿಬಯಾಟಿಕ್ ವೈರಸ್ಸಿನ ಮೇಲೆ ಕೆಲಸ ಮಾಡುವುದಿಲ್ಲ.

ಗುಣವಾದ ಮೇಲೂ ಕ್ಯಾಲೆಂಡರಿನ ಆ ಪುಟ ಹರಿಯಬೇಡಿ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಮಂಕು ಕವಿದಂತಾಗುವುದು ಮೂರು ತಿಂಗಳಾದರೂ ಕಾಡುತ್ತಿದ್ದರೆ ಅದು ದೀರ್ಘ ಕೋವಿಡ್ ಇರಬಹುದು. ‘ಮನಸ್ಸಿನ ಭ್ರಮೆ’ ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಿಕೊಳ್ಳಬೇಡಿ. ವೈದ್ಯರ ಹತ್ತಿರ ಹೋಗುವಾಗ ಆ ಪುಟವನ್ನೂ ಆಕ್ಸಿಮೀಟರ್ ಅಂಕಿ ಬರೆದ ಹಾಳೆಯನ್ನೂ ಜೊತೆಗೆ ಒಯ್ಯಿರಿ.