ಯುಎಸ್‌ಬಿ ಡ್ಯಾಕ್‌ಗೆ ಪ್ರತ್ಯೇಕ ಡ್ರೈವರ್ ಬೇಕೇ? ಪರೀಕ್ಷಿಸಿ ತೀರ್ಮಾನಿಸುವ ವಿಧಾನ

ಡ್ಯಾಕ್ ಎಂದರೆ ಡಿಜಿಟಲ್ ಶಬ್ದವನ್ನು ಹೆಡ್‌ಫೋನ್, ಆಂಪ್ಲಿಫೈಯರ್‌ಗಳಿಗೆ ಬೇಕಾದ ಅನಲಾಗ್ ಸಂಕೇತವಾಗಿ ಬದಲಿಸುವ ಸಾಧನ. 192 ಕಿಲೋಹರ್ಟ್ಸ್ ದರದ (ಸೆಕೆಂಡಿಗೆ 1,92,000 ಮಾದರಿಗಳ) ಫೈಲ್ ಹಾಕಿದರೂ ಡ್ಯಾಕ್‌ನ ಪರದೆ 48 ಎಂದೇ ತೋರಿಸುತ್ತಿದ್ದರೆ ದೋಷ ಬಹುಪಾಲು ಡ್ಯಾಕ್‌ನದ್ದಲ್ಲ. ತಯಾರಕರ ಡ್ರೈವರ್ ಇಳಿಸಿಕೊಳ್ಳುವ ಮೊದಲು ಎರಡು ಸಂಗತಿ ತಿಳಿದುಕೊಳ್ಳಿ: ಸಾಧನ ಯಾವ ಆಡಿಯೋ ಕ್ಲಾಸ್‌ನಲ್ಲಿ (ಯುಎಸ್‌ಬಿ ಮೂಲಕ ಶಬ್ದ ಸಾಗಿಸುವ ಮಾನದಂಡದಲ್ಲಿ) ಕೆಲಸ ಮಾಡುತ್ತಿದೆ, ಅದನ್ನು ಈಗ ನಡೆಸುತ್ತಿರುವ ಡ್ರೈವರ್ ಯಾವುದು.

ಆಡಿಯೋ ಕ್ಲಾಸ್ 1 ಸಾಮಾನ್ಯವಾಗಿ ಸೆಕೆಂಡಿಗೆ 12 ಮೆಗಾಬಿಟ್‌ನ ಫುಲ್ ಸ್ಪೀಡ್‌ನಲ್ಲಿ ನಡೆಯುತ್ತದೆ. ಅಲ್ಲಿ ಪ್ರತಿ ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಅದರ ಗರಿಷ್ಠ ಗಾತ್ರ 1023 ಬೈಟ್. 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೋಗೆ ಮಿಲಿಸೆಕೆಂಡಿಗೆ 96 ಮಾದರಿ × 2 ಚಾನೆಲ್ × 3 ಬೈಟ್, ಅಂದರೆ 576 ಬೈಟ್ ಸಾಕು. 192 ಕಿಲೋಹರ್ಟ್ಸ್‌ಗೆ 1152 ಬೈಟ್ ಬೇಕು, ಅಷ್ಟು ಹಿಡಿಸುವುದಿಲ್ಲ. ಯಾವ ಡ್ರೈವರ್ ಹಾಕಿದರೂ ಈ ಮಿತಿ ದಾಟದು. 480 ಮೆಗಾಬಿಟ್‌ನ ಹೈ ಸ್ಪೀಡ್ ಬಳಸುವ ಕ್ಲಾಸ್ 2ರಲ್ಲಿ ಈ ತೊಡಕಿಲ್ಲ. ಕೆಲವು ಡ್ಯಾಕ್‌ಗಳಲ್ಲಿ ಎರಡರ ನಡುವೆ ಬದಲಾಯಿಸುವ ಗುಂಡಿಯೋ ಮೆನುವೋ ಇರುತ್ತದೆ. ಮೊದಲು ಅದನ್ನೇ ನೋಡಿ.

ವಿಂಡೋಸ್‌ನಲ್ಲಿ ಗೊಂದಲ ಹೆಚ್ಚು, ಅದಕ್ಕೆ ಕಾರಣವೂ ಇದೆ. ಮ್ಯಾಕ್ ಮತ್ತು ಲಿನಕ್ಸ್ ಎರಡಕ್ಕೂ 2010ರಲ್ಲೇ ಕ್ಲಾಸ್ 2 ಬೆಂಬಲ ಬಂದಿತ್ತು. ವಿಂಡೋಸ್‌ಗೆ ಬಂದದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯೊಂದಿಗೆ. ಅದಕ್ಕಿಂತ ಹಳೆಯ ವಿಂಡೋಸ್ ಇದ್ದರೆ ಕ್ಲಾಸ್ 2ಕ್ಕೆ ತಯಾರಕರ ಡ್ರೈವರ್ ಅನಿವಾರ್ಯ. ಹೊಸದರಲ್ಲಿ ಹೀಗೆ ಪರೀಕ್ಷಿಸಿ:

1. ಡಿವೈಸ್ ಮ್ಯಾನೇಜರ್‌ನ ಸೌಂಡ್ ವಿಭಾಗದಲ್ಲಿ ಡ್ಯಾಕ್ ಹುಡುಕಿ, ಪ್ರಾಪರ್ಟೀಸ್ ತೆರೆದು ಡ್ರೈವರ್ ಡೀಟೇಲ್ಸ್ ಒತ್ತಿ. ‘ಯುಎಸ್‌ಬಿಆಡಿಯೋ2.ಸಿಸ್’ ಕಂಡರೆ ಮೈಕ್ರೋಸಾಫ್ಟ್‌ನ ಕ್ಲಾಸ್ 2 ಡ್ರೈವರ್; 2 ಇಲ್ಲದಿದ್ದರೆ ಕ್ಲಾಸ್ 1ರದ್ದು; ಬೇರೆ ಹೆಸರಿದ್ದರೆ ತಯಾರಕರದ್ದು.
2. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡ್ಯಾಕ್‌ನ ಫಾರ್ಮ್ಯಾಟ್ ನೋಡಿ. ಹಲವು ಅಪ್ಲಿಕೇಶನ್‌ಗಳು ಡ್ಯಾಕನ್ನು ಒಟ್ಟಿಗೆ ಬಳಸುವ ಹಂಚಿಕೆಯ ಮೋಡ್‌ನಲ್ಲಿ ಎಲ್ಲ ಶಬ್ದವೂ ಅಲ್ಲಿರುವ ದರಕ್ಕೇ ಪರಿವರ್ತನೆಯಾಗಿ ಹೋಗುತ್ತದೆ. ಪರದೆಯ ಮೇಲೆ 48 ಅಂಟಿಕೊಂಡಿರುವುದು ಹೆಚ್ಚಾಗಿ ಇದರಿಂದಲೇ.
3. ಫೈಲ್‌ನ ಮೂಲ ದರವೇ ಬೇಕಿದ್ದರೆ ಪ್ಲೇಯರ್‌ನಲ್ಲಿ ವಸಾಪಿ ಎಕ್ಸ್‌ಕ್ಲೂಸಿವ್ (ಡ್ಯಾಕನ್ನು ಒಂದೇ ಪ್ಲೇಯರ್‌ಗೆ ಬಿಟ್ಟುಕೊಡುವ ವಿಂಡೋಸ್ ವಿಧಾನ) ಆರಿಸಿ. ಆಗ ಬೇರೆ ಅಪ್ಲಿಕೇಶನ್‌ಗಳ ಶಬ್ದ ಆ ಡ್ಯಾಕ್‌ನಲ್ಲಿ ಬರುವುದಿಲ್ಲ, ಅದು ಸಹಜ.

ಕೇಳುವುದಕ್ಕಷ್ಟೇ ಆದರೆ ಇಷ್ಟು ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ರೆಕಾರ್ಡಿಂಗ್ ಮಾಡುವವರ ಅಗತ್ಯ ಬೇರೆ. ಅವರಿಗೆ ಕಡಿಮೆ ವಿಳಂಬದ ಏಸಿಯೋ ಎಂಬ ಆಡಿಯೋ ಸಂಪರ್ಕ ವಿಧಾನ ಬೇಕು, ಅದನ್ನು ಸರಿಯಾಗಿ ಕೊಡುವುದು ತಯಾರಕರ ಡ್ರೈವರ್. ಹಲವು ತಯಾರಕರು ಕೇಬಲ್ ಜೋಡಿಸುವ ಮೊದಲೇ ಇನ್‌ಸ್ಟಾಲ್ ಮಾಡಲು ಹೇಳುತ್ತಾರೆ. ಆ ಕ್ರಮ ತಪ್ಪಿಸಬೇಡಿ.

ಲಿನಕ್ಸ್‌ನಲ್ಲಿ ಪ್ರತ್ಯೇಕ ಡ್ರೈವರ್ ಹುಡುಕುವ ಪ್ರಮೇಯವೇ ವಿರಳ. ಕರ್ನೆಲ್‌ನಲ್ಲಿರುವ ‘ಎಸ್‌ಎನ್‌ಡಿ-ಯುಎಸ್‌ಬಿ-ಆಡಿಯೋ’ ಎರಡೂ ಕ್ಲಾಸ್‌ಗಳನ್ನು ನೋಡಿಕೊಳ್ಳುತ್ತದೆ. ಒಳಗಿನದೆಲ್ಲ ಬಿಚ್ಚಿ ತೋರಿಸುವುದರಲ್ಲೂ ಇದು ಮುಂದು. ‘ಪ್ರಾಕ್’ ಫೋಲ್ಡರಿನ ‘ಎಸೌಂಡ್’ ಒಳಗೆ ನಿಮ್ಮ ಕಾರ್ಡ್‌ನ ‘ಸ್ಟ್ರೀಮ್0’ ಕಡತ ತೆರೆದರೆ ಡ್ಯಾಕ್ ಒಪ್ಪುವ ದರಗಳು, ಬಿಟ್‌ಗಳು, ಅಸಿಂಕ್ (ಡ್ಯಾಕ್ ತನ್ನದೇ ಗಡಿಯಾರದಂತೆ ನಡೆಯುವ ಬಗೆ) ಹೌದೋ ಅಲ್ಲವೋ ಎಲ್ಲವೂ ಕಾಣುತ್ತವೆ. ಹಾಡು ಓಡುತ್ತಿರುವಾಗ ತೆರೆದರೆ ಆ ಕ್ಷಣದ ದರವೂ ಸಿಗುತ್ತದೆ. ಲಿನಕ್ಸ್‌ನ ಶಬ್ದ ನಿರ್ವಹಿಸುವ ಪೈಪ್‌ವೈರ್ ತಾನಾಗಿ 48ಕ್ಕೇ ನಿಲ್ಲುತ್ತದೆ, ಅದರ ಸಂರಚನೆಯ ‘ಡೀಫಾಲ್ಟ್.ಕ್ಲಾಕ್.ಅಲೌಡ್-ರೇಟ್ಸ್’ ಪಟ್ಟಿಗೆ 44100, 48000, 88200, 96000, 176400, 192000 ಸೇರಿಸಿ ಪೈಪ್‌ವೈರ್ ಮರುಚಾಲನೆ ಮಾಡಿ. ಇಷ್ಟಾದರೂ ದರ ಬದಲಾಗದಿದ್ದರೆ ಬ್ರೌಸರ್‌ನಂಥ ಇನ್ನೊಂದು ಅಪ್ಲಿಕೇಶನ್ ಶಬ್ದದ ಹರಿವನ್ನು ಹಿಡಿದುಕೊಂಡಿರಬಹುದು. ಅದನ್ನು ಮುಚ್ಚಿ, ಏಕೆಂದರೆ ಹರಿವು ಖಾಲಿಯಿದ್ದಾಗ ಮಾತ್ರ ದರ ಬದಲಾಗುತ್ತದೆ.

ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ತೆರೆದು ಫಾರ್ಮ್ಯಾಟ್ ಆರಿಸಿದರೆ ಮುಗಿಯಿತು. ಬಹಳಷ್ಟು ಪ್ಲೇಯರ್‌ಗಳು ಅದನ್ನು ತಾವಾಗಿ ಬದಲಾಯಿಸುವುದಿಲ್ಲ, ನೆನಪಿರಲಿ.

ಚಟಪಟ ಸದ್ದು ಬಂದರೆ ಡ್ರೈವರ್ ದೂರುವ ಮೊದಲು ಹಬ್ ತೆಗೆದು ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಿ. ಕೇಬಲ್ ಬದಲಿಸಿ ನೋಡಿ: ಕೆಟ್ಟ ಕೇಬಲ್‌ನಿಂದ ಹೈ ಸ್ಪೀಡ್ ಸಾಧನ ಫುಲ್ ಸ್ಪೀಡ್‌ಗೆ ಇಳಿಯುವುದುಂಟು. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶಕ್ಕೆ ‘-ಟಿ’ ಸೇರಿಸಿದರೆ 480 ಅಥವಾ 12 ಎಂದು ಸ್ಪಷ್ಟವಾಗಿ ತೋರಿಸುತ್ತದೆ. ಆಮೇಲೆ ಬಫರ್ (ಶಬ್ದದ ದತ್ತಾಂಶವನ್ನು ಮುಂಚಿತವಾಗಿ ಕೂಡಿಡುವ ಜಾಗ) ಹಿಗ್ಗಿಸಿ. ವಿಂಡೋಸ್‌ನಲ್ಲಿ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಪ್ರೊಸೆಸರನ್ನು ತಡೆಹಿಡಿಯುವುದರಿಂದಲೂ ಹೀಗಾಗುತ್ತದೆ; ಯಾವುದೆಂದು ಲೇಟೆನ್ಸಿಮಾನ್ ಎಂಬ ಪರೀಕ್ಷಾ ತಂತ್ರಾಂಶ ಹೇಳುತ್ತದೆ.

ಹಾಡಿನ ಮೊದಲ ಕ್ಷಣವಷ್ಟೇ ಕತ್ತರಿಸಿ ಹೋಗುವುದು ಬೇರೆಯೇ ತೊಂದರೆ, ಅದು ಹೆಚ್ಚಾಗಿ ವಿದ್ಯುತ್ ಉಳಿತಾಯದ ಫಲ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ; ಲಿನಕ್ಸ್‌ನಲ್ಲಿ ಪೈಪ್‌ವೈರ್‌ನ ನಿರ್ವಾಹಕ ವೈರ್‌ಪ್ಲಂಬರ್‌ನ ಸಸ್ಪೆಂಡ್ ಕಾಲಾವಧಿಯನ್ನು 0 ಮಾಡಿ.

ಡಿಎಸ್‌ಡಿ (ಒಂದೊಂದೇ ಬಿಟ್‌ನ ಅತಿವೇಗದ ಮಾದರಿಗಳಲ್ಲಿ ಸಂಗೀತ ಉಳಿಸುವ ಬಗೆ) ಫೈಲ್ ಇರುವವರು ಡಾಪ್ ವಿಧಾನ ಬಳಸಬಹುದು; ಅದು ಡಿಎಸ್‌ಡಿಯನ್ನು ಸಾಮಾನ್ಯ ಆಡಿಯೋ ಪ್ಯಾಕೆಟ್‌ಗಳಲ್ಲಿ ಗುರುತು ಹಾಕಿ ಕಳಿಸುತ್ತದೆ. ಡಿಎಸ್‌ಡಿ64ಕ್ಕೆ 176.4 ಕಿಲೋಹರ್ಟ್ಸ್‌ನ ದಾರಿ ಬೇಕು, ಹಾಗಾಗಿ ಕ್ಲಾಸ್ 1ರಲ್ಲಿ ಆಗದು. ದಾರಿಯಲ್ಲಿ ಎಲ್ಲೂ ವಾಲ್ಯೂಮ್ ಬದಲಾಗಬಾರದು. ಬದಲಾದರೆ ಆ ಗುರುತು ಅಳಿಸಿ ಹಾಡಿನ ಬದಲು ಬರೀ ‘ಸ್ಸ್’ ಎನ್ನುವ ಸದ್ದು ಬರುತ್ತದೆ. ಪ್ಲೇಯರ್‌ನ ವಾಲ್ಯೂಮ್ 100ಕ್ಕೆ ಇಟ್ಟು, ಆಂಪ್ಲಿಫೈಯರ್‌ನಲ್ಲಿ ತಗ್ಗಿಸಿಕೊಂಡೇ ಶುರುಮಾಡಿ.