ಎಫ್‌ಡಿ ಬಡ್ಡಿಯ ತೆರಿಗೆಯನ್ನು ಸಂಬಳದಲ್ಲೇ ಹಿಡಿಸಿದ್ದು

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಶಾಲೆಯ ಹೈಯರ್ ಸೆಕೆಂಡರಿ ವಿಭಾಗದಲ್ಲಿ ಅಧ್ಯಾಪಕ. ಮನೆಗೆ ಸ್ವಲ್ಪ ಅಡಿಕೆ ತೋಟವೂ ಇದೆ. ನಮ್ಮಲ್ಲಿ ಅನೇಕರು ವರ್ಷವಿಡೀ ಟಿಡಿಎಸ್ (ದುಡ್ಡು ಕೈಗೆ ಬರುವ ಮೊದಲೇ ಹಿಡಿಯುವ ತೆರಿಗೆ) ಕಡಿಮೆ ಹಿಡಿಸಿ, ಜನವರಿ ಮತ್ತು ಫೆಬ್ರವರಿ ಸಂಬಳದಲ್ಲಿ ಬಾಕಿಯನ್ನೆಲ್ಲ ಒಟ್ಟಿಗೆ ಕೊಡುತ್ತಾರೆ. ಮಾರ್ಚ್ ಮೊದಲಿಗೆ ಕೈಸೇರುವ ಫೆಬ್ರವರಿ ಸಂಬಳವೇ ಆ ವರ್ಷದ ಲೆಕ್ಕಕ್ಕೆ ಕೊನೆಯದು. ಅದರಲ್ಲಿ ಹಿಡಿಯದಿದ್ದರೆ ಮತ್ತೆ ಅವಕಾಶವಿಲ್ಲ. ನಾನೂ ಹಾಗೆಯೇ ಮಾಡುತ್ತಿದ್ದೆ.

ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಕುಟುಂಬದ ಜಾಗ ಹೋಯಿತು. ಪರಿಹಾರದಲ್ಲಿ ನನ್ನ ಪಾಲನ್ನು ಎಫ್‌ಡಿ ಇಟ್ಟೆ. 2022-23ರಲ್ಲಿ 1,50,000 ರೂಪಾಯಿ ಬಡ್ಡಿ ಬಂತು. ಬ್ಯಾಂಕು ಶೇ. 10ರಂತೆ 15,000 ಹಿಡಿದಿತ್ತು. ತೆರಿಗೆ ಕಟ್ಟಿ ಆಯಿತಲ್ಲ ಎಂದು ನೆಮ್ಮದಿಯಲ್ಲಿದ್ದೆ.

ಜುಲೈಯಲ್ಲಿ ರಿಟರ್ನ್ ತುಂಬುವಾಗ ವಿಷಯ ತಿಳಿಯಿತು. ನನ್ನ ಸ್ಲ್ಯಾಬ್ ಶೇ. 30. ಸೆಸ್ ಸೇರಿಸಿ ಆ ಬಡ್ಡಿಗೆ 46,800 ತೆರಿಗೆ. ಬ್ಯಾಂಕು ಹಿಡಿದದ್ದು ಕಳೆದು 31,800 ಬಾಕಿ. ವರ್ಷದ ನಡುವೆಯೇ ಕಟ್ಟಬೇಕಿದ್ದ ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ 1,602, ಬಾಕಿಯ ಮೇಲೆ ಏಪ್ರಿಲಿನಿಂದ ಜುಲೈವರೆಗೆ ತಿಂಗಳಿಗೆ ಶೇ. 1ರಂತೆ 1,272. ಒಟ್ಟು 2,874 ರೂಪಾಯಿ ಬಡ್ಡಿ ನಾನೇ ಕಟ್ಟಬೇಕಾಯಿತು. ಅದು ಸುಮ್ನೆ ಹೋದ ದುಡ್ಡು, ಅಲ್ವಾ?

ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಉಳಿದರೆ ಮುಂಗಡ ತೆರಿಗೆ ಕಟ್ಟಬೇಕು. ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ.

ಆದರೆ ಜೂನ್ ನಮಗೆ ಎಂಥ ತಿಂಗಳು! ಶಾಲೆ ಶುರು, ಮಕ್ಕಳ ಪುಸ್ತಕ, ಕೊಡೆ. ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ. ಮಳೆ ಸ್ವಲ್ಪ ಬಿಟ್ಟ ದಿನ ಅವರು ಸಿಕ್ಕಿದರೆ ಅಂದೇ ಹೊಡೆಸಬೇಕು, ದುಡ್ಡಿಲ್ಲ ಎಂದು ಮುಂದೂಡಿದರೆ ಫಸಲೇ ಉದುರುತ್ತದೆ. ಆ ತಿಂಗಳು ತೆರಿಗೆಗೆ ದುಡ್ಡು ತೆಗೆದಿಡುವುದು ನಿಜಕ್ಕೂ ಕಷ್ಟ.

ದಾರಿ ಸಿಕ್ಕಿದ್ದು ಸಂಬಳದಲ್ಲೇ. ಬೇರೆ ಆದಾಯವನ್ನೂ ಸಂಬಳ ಕೊಡುವವರಿಗೆ ಬರೆದುಕೊಟ್ಟರೆ ಅದರ ತೆರಿಗೆಯನ್ನೂ ಸಂಬಳದಿಂದ ಹಿಡಿಯಬಹುದು. ಇನ್ನೊಂದು ಅನುಕೂಲವಿದೆ. ನಾವೇ ಕಟ್ಟುವ ಮುಂಗಡ ತೆರಿಗೆಗೆ ಕಟ್ಟಿದ ತಾರೀಕು ಲೆಕ್ಕ. ಟಿಡಿಎಸ್‌ಗೆ ಹಾಗಲ್ಲ. ಕಂತಿನ ಲೆಕ್ಕ ಹಾಕುವಾಗ ವರ್ಷದ ಟಿಡಿಎಸ್ಸನ್ನು ಮೊದಲೇ ಕಳೆಯುತ್ತಾರೆ, ಅದನ್ನು ಹಿಡಿದದ್ದು ಮೇಯಲ್ಲೋ ಫೆಬ್ರವರಿಯಲ್ಲೋ ಎಂದು ನೋಡುವುದಿಲ್ಲ. ಹಾಗಾಗಿ ಜೂನ್ ಕಂತು ತಪ್ಪಿದ್ದು ನವೆಂಬರಿನಲ್ಲಿ ನೆನಪಾದರೂ, ಉಳಿದ ಸಂಬಳಗಳಲ್ಲಿ ಜಾಸ್ತಿ ಹಿಡಿಸಿ ಬಡ್ಡಿ ತಪ್ಪಿಸಬಹುದು. ಇದನ್ನು ಪ್ರತಿ ಅಧ್ಯಾಪಕರೂ ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ.

2023ರ ಜುಲೈಯಲ್ಲಿ ಆ ರಿಟರ್ನ್ ಕೊಟ್ಟ ಮೇಲೆ ನೋಟ್‌ಬುಕ್ಕಿನ ಒಂದು ಪುಟದಲ್ಲಿ ವರ್ಷದ ಸಂಬಳ, ಇನ್ನೊಂದರಲ್ಲಿ ಎಫ್‌ಡಿ ಬಡ್ಡಿ ಬರೆದೆ. ಸಂಬಳದ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಸಮನಾಗಿ ಹಂಚಿ ಶಾಲೆಗೆ ಅಂದಾಜು ತೆರಿಗೆಯ ಸ್ಟೇಟ್‌ಮೆಂಟ್ ಕೊಟ್ಟೆ. ಎಫ್‌ಡಿ ಬಡ್ಡಿಯ ತೆರಿಗೆ ಬಾಕಿ ಹೆಚ್ಚುಕಡಿಮೆ ಹಿಂದಿನ ವರ್ಷದಷ್ಟೇ. ಅದನ್ನು ತೋಟಕ್ಕೆ ಮದ್ದು ಹೊಡೆಸಿ ಮುಗಿದ ಮೇಲೆ, ಸೆಪ್ಟೆಂಬರಿನಿಂದ ಫೆಬ್ರವರಿವರೆಗಿನ ಆರು ಸಂಬಳಗಳಲ್ಲಿ ಹಿಡಿಯಲು ಕೇಳಿಕೊಂಡೆ. ತಿಂಗಳಿಗೆ 5,300. ಪ್ರಿನ್ಸಿಪಾಲರು ಕೇರಳ ಸರ್ಕಾರದ ಸಂಬಳದ ತಂತ್ರಾಂಶವಾದ ಸ್ಪಾರ್ಕ್‌ನಲ್ಲಿ ಮೊತ್ತ ತಿದ್ದಿದರು, ಅಷ್ಟೇ ಕೆಲಸ.

ಡಿಸೆಂಬರಿನಲ್ಲಿ 26ಎಎಸ್ (ನಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ತೆರೆದು ಹಿಡಿದದ್ದು ನನ್ನ ಪ್ಯಾನ್‌ಗೆ ಬಂದಿದೆಯಾ ಎಂದು ನೋಡಿದೆ. ಇದನ್ನು ಬಿಡಬೇಡಿ. ಕೊನೆಗೆ ಸಣ್ಣ ಬಾಕಿ ಉಳಿದರೂ, 10,000ದ ಒಳಗಿದ್ದರೆ ರಿಟರ್ನಿನ ಜೊತೆ ಸಮಯಕ್ಕೆ ಕಟ್ಟಿದರೆ ಬಡ್ಡಿ ಇಲ್ಲ. ಅಮ್ಮನಿಗೆ 60 ದಾಟಿದೆ, ವ್ಯಾಪಾರದ ಆದಾಯವಿಲ್ಲ. ಹಾಗಾಗಿ ಅವರಿಗೆ ಮುಂಗಡ ತೆರಿಗೆಯೇ ಇಲ್ಲ.

2024ರ ಮಾರ್ಚ್ ಮೊದಲ ವಾರ ಫೆಬ್ರವರಿ ಸಂಬಳ ಬಂತು, ಜನವರಿಯಲ್ಲಿ ಬಂದಷ್ಟೇ. ತೋಟಕ್ಕೆ ನೀರು ಬಿಡುವವರ ಕೂಲಿಯನ್ನು ಆ ತಿಂಗಳು ಯಾರ ಹತ್ತಿರವೂ ಕೈ ಸಾಲ ಕೇಳದೆ ಕೊಟ್ಟೆ.